ಗುಬ್ಬಿಯ ನಾಲ್ಕು ಸಾಲು

ಭಾನುವಾರ, ಸಂಜೆ

ಮಹಾಜನಗಳೇ, ಮಾನ್ಯ ಪ್ರೇಕ್ಷಕರೇ, ಮುಂದಿನ ಸಾಲಿನಲ್ಲಿ ಪುಕ್ಕಟೆ ಕೂತ ಗಣ್ಯರೇ! ಇದೀಗ ನಟಶಿರೋಮಣಿಯಾದ ತಮ್ಮನಿಗೆ ಶಾಲೆಯ ಮೇಡಂ ಆದ ಅಕ್ಕ ಬರೆದ ಪತ್ರ. ಗದ್ದಲ ಬೇಡ, ಕೆಮ್ಮುವವರು ಹೊರಗೆ ಹೋಗಿ ಕೆಮ್ಮಿ.

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ಉತ್ತರ ತಡವಾಯಿತು, ಬೈಯಬೇಡ. ಪರೀಕ್ಷೆ ಬಂತು, ಪೇಪರು ಬಂತು, ನೆಗಡಿ ಬಂತು, ಬಿಡುವೊಂದು ಬರಲಿಲ್ಲ. ಗುಬ್ಬಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ಮಾತು ಬಿದ್ದಿಲ್ಲ.

ಅವತ್ತು ನಿನ್ನ ನಾಟಕ ಮುಗಿದ ಮೇಲೆ ಅವಳು ಓದಿದ ಕವಿತೆಯನ್ನು ಬರೆದು ಕಳಿಸು ಎಂದಿದ್ದೀಯ. ಒಣಗುವ ಗಾಯದ ಹಕ್ಕಳೆ ಕೀಳುವ ಚಟ ನಿನಗೆ ಚಿಕ್ಕಂದಿನಿಂದಲೂ ಇದೆ.

ಮಕ್ಕಳು ನಾಟಕ ನೋಡಿ, ಕೂತ ಕುರ್ಚಿಯಲ್ಲೇ ನಾಲ್ಕು ಸಾಲು ಬರೆದು, ನನ್ನಿಂದ ತಪ್ಪು ತಿದ್ದಿಸಿಕೊಂಡು, ನಟರು ವೇಷ ಕಳಚುವ ಮೊದಲೇ ಅವರೆದುರು ಓದುವುದು ನಮ್ಮ ಶಾಲೆಯ ಪದ್ಧತಿ. ಶುರುಮಾಡಿದವಳು ನಾನೇ. ಅದರ ಮೇಲೆ ಪಣ ಕಟ್ಟಿದವನು ಮಾತ್ರ ನೀನು. ಹೆಂಡತಿ ತೀರಿಕೊಂಡ ವಾರವೇ ಗುಬ್ಬಿಯ ತೊಟ್ಟಿಲನ್ನು ನನ್ನ ಮನೆಯಲ್ಲಿಳಿಸಿ ಹೋದವನು, ಎಂಟು ವರ್ಷದ ಮೇಲೆ ಬಂದು ಗಡ್ಡ ಅಂಟಿಸಿಕೊಳ್ಳುತ್ತಾ ಏನೆಂದೆ?

"ಅಕ್ಕಾ, ಮೊದ್ಲು ಅವಳು ನನ್ನ ಪಾರ್ಟು ನೋಡ್ಲಿ. ಹಿಡಿಸಿದ್ರೆ ನಾನೇ ನಿನ್ನಪ್ಪ ಅಂತ ಹೇಳ್ತೀನಿ, ಕರ್ಕೊಂಡೂ ಹೋಗ್ತೀನಿ. ಹಿಡಿಸ್ಲಿಲ್ಲ ಅಂದ್ರೆ ನಿನ್ನ ಹತ್ರಾನೇ ಇರ್ಲಿ."

ಅಪ್ಪನಾಗಲೂ ವಿಮರ್ಶೆ ಬೇಕೇ? ನಟನಿಗಲ್ಲದೆ ಇನ್ಯಾರಿಗೆ ಹೊಳೆದೀತು!

ಪಾರ್ಟೂ ಅಂಥದ್ದೇ. ಮನೆ ಬಿಟ್ಟುಹೋದ ಅಪ್ಪ ಕೊನೆಯ ಅಂಕದಲ್ಲಿ ಮರಳಿ ಬಂದು ಬಾಗಿಲು ಬಡಿಯುತ್ತಾನೆ. ಚೆನ್ನಾಗಿಯೇ ಬಡಿದೆ. ಆಮೇಲೆ ಗುಬ್ಬಿ ವೇದಿಕೆ ಹತ್ತಿ, ನಿನ್ನ ಮುಂದೆಯೇ ನಿಂತು ಓದಿದಳು. ತಗೋ:

ಬಾಗಿಲು ಬಡಿದನು ಅಪ್ಪ,
ಮುಖದಲಿ ಬಣ್ಣವು ದಪ್ಪ;
ಅಳುವುದು ಬಾಯಲಿ ಮಾತ್ರ,
ಬದಲಿಸಿ ಬೇಗನೆ ಪಾತ್ರ!

ಸಭೆ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಾಸ್ಟರು "ಶಹಬ್ಬಾಸ್! ಏನು ಪ್ರಾಸ!" ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನೀನು. ಪರದೆಯ ಹಿಂದೆ ಬಂದು, "ಮಗೂನೇ ಹೇಳ್ತಲ್ಲ ಅಕ್ಕಾ, ಮುಗೀತು" ಎಂದೆ. ಗಡ್ಡ ಕಿತ್ತೆ, ಗದ್ದ ಕೆಂಪಾಯಿತು. ಸೀನಿನ ಪರದೆಗಳ ಜೊತೆ ನೀನೂ ಲಾರಿ ಹತ್ತಿದೆ.

ಮನೆಗೆ ಬರುವಾಗ ಗುಬ್ಬಿ ಕೇಳಿದಳು, "ಅತ್ತೇ, ಆ ಗಡ್ಡದ ಮಾಮಂಗೆ ಬೇಜಾರಾಯ್ತಾ?"

"ನಟರಿಗೆ ಬೇಜಾರಾಗಲ್ಲ ಕಣೇ. ಆದ ಹಾಗೆ ಮಾಡಿ ತೋರಿಸ್ತಾರೆ, ಅಷ್ಟೇ."

ಅವಳು ಆಮೇಲೆ ದಾರಿಯುದ್ದಕ್ಕೂ ಹಿಂದೆ ಹಿಂದೆಯೇ ಉಳಿದು ನಡೆದಳು. ಕಾಲು ನೋವಿರಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಣ್ಣ ತೊಳೆಯದೆ ಮಲಗಬೇಡ, ಚರ್ಮ ಹಾಳಾಗುತ್ತದೆ. ನೂರು ಕಾಲ ಬಾಳು, ಎಲ್ಲಿದ್ದರೂ ತಣ್ಣಗಿರು.

ಇತಿ ನಿನ್ನ
ಅಕ್ಕ

ತಾ.ಕ.: ಸಾಕು ನಾಟಕ. ಮೊದಲ ಎರಡು ಸಾಲು ಮಾತ್ರ ಅವಳವು. ಉಳಿದೆರಡನ್ನು ಅವಳು ಬರೆದದ್ದು ಹೀಗೆ: "ಅವನು ಅತ್ತಾಗ ನನಗೂ ಅಳು ಬಂತು. ನಮ್ಮ ಮನೆ ಬಾಗಿಲನ್ನೂ ಬಡಿಯಲಿ." ಪ್ರಾಸ ಕೂಡಿಲ್ಲ ಎಂದು ಹೇಳಿ ಹೊಡೆದುಹಾಕಿ, ನನ್ನವನ್ನು ಬರೆದುಕೊಟ್ಟೆ. "ಬೇಡ ಅತ್ತೆ" ಎಂದಳು. ಕಣ್ಣು ಬಿಟ್ಟೆ. ಓದಿದಳು.

ಆದರೂ ನೀನು ಬರಬೇಡ.