ಮದ್ದಿನ ಕಾರ್ಖಾನೆಯಲ್ಲಿ ಪೌಡರು

ಲೀಡ್ಸ್, ಮಾರ್ಚ್ 1942

ಅಮ್ಮಾ,

ಇಂದು ಮದ್ದುಗುಂಡಿನ ಕಾರ್ಖಾನೆಯಲ್ಲಿ ನಮಗೆಲ್ಲ ಮುಖಕ್ಕೆ ಹಚ್ಚುವ ಕ್ರೀಮು, ಪೌಡರು ಹಂಚಿದರು. ಸರ್ಕಾರದ ಖರ್ಚಿನಲ್ಲಿ ಸಿಂಗಾರ!

"ದಪ್ಪಗೆ ಬಳ್ಕೊಳ್ರೇ, ಇಲ್ಲಾಂದ್ರೆ ಮದ್ದಿನ ಪುಡಿ ತಾಗಿ ಮುಖ ಹಳದಿ ಆಗುತ್ತೆ," ಎಂದಳು ಮೇಲ್ವಿಚಾರಕಿ ಮಿಸೆಸ್ ಸಟ್‌ಕ್ಲಿಫ್.

ಸರ್ಕಾರದ ಮಹಾಶಯರಿಗೆ ಈಗ ಹೊಳೆಯಿತು! ಕಳೆದ ಯುದ್ಧದಲ್ಲಿ ಗುಂಡುಗಳಿಗೆ ಇದೇ ಮದ್ದು ತುಂಬಿದ ನಿನಗೆ ಚಿಟಿಕೆ ಪೌಡರೂ ಕೊಡಲಿಲ್ಲ. ಹಳದಿಯಾದ ಮೇಲೆ ಮಾತ್ರ 'ಕ್ಯಾನರಿ ಹಕ್ಕಿ' ಎಂಬ ಬಿರುದು ಕೊಟ್ಟು ನಕ್ಕರು. ಯುದ್ಧ ಮುಗಿಯುವುದರೊಳಗೆ ನಿನ್ನನ್ನೂ ಮುಗಿಸಿದರು.

ಆ ಹಳದಿ ಮುಖದಲ್ಲಿ ನೀನು ಶಾಲೆಯ ಬಾಗಿಲಿಗೆ ಬಂದಾಗ ಗೆಳತಿಯರಿಗೆ ನಾನು, "ಅದ್ಯಾರೋ ಗೊತ್ತಿಲ್ಲ," ಅಂದಿದ್ದೆ.

ಇಂದು ಒಂದೇ ಸಲಕ್ಕೆ ಅರ್ಧ ಡಬ್ಬಿ ಬಳಿದುಕೊಂಡೆ.

"ಏನೇ ಹಿಲ್ಡಾ, ಗೋಡೆಗೆ ಸುಣ್ಣ ಹೊಡೀತಿದೀಯಾ?" ಎಂದಳು ಮಿಸೆಸ್ ಸಟ್‌ಕ್ಲಿಫ್.

"ಇಬ್ಬರ ಪಾಲು, ಮೇಡಂ," ಎಂದೆ.