ತಲೆಭಾಗ ನೋಡಿ ತೀರ್ಪು ಕೊಟ್ಟವನಿಗೆ

ಹೊಲಿಗೆ ಕೋಣೆಯಿಂದ,
ಮಂಗಳವಾರ ಮಧ್ಯಾಹ್ನ

ಬುದ್ಧಿವಂತ ಅಣ್ಣನಿಗೆ,

ಆರೋಗ್ಯವಾಗಿದ್ದೀಯಾ? ಇದ್ದೇ ಇರುತ್ತೀಯ, ಮಾಡುವುದನ್ನೆಲ್ಲ ಮಾಡಿ ಕೈತೊಳೆದುಕೊಂಡು ಹೋದವನಿಗೆ ಏನು ಕಾಯಿಲೆ ಬಂದೀತು. ನನಗಂತೂ ಒಂದು ವಾರದಿಂದ ಮೈಯೆಲ್ಲ ಉರಿ, ಕಾರಣ ನೀನೇ.

ರಜೆಗೆ ಬಂದಾಗ, ಅಮ್ಮನ ಹೊಲಿಗೆ ಪಾಠಗಳ ಹಳೆಯ ಫೈಲುಗಳನ್ನು ಈಗಿನ ಕಂಪ್ಯೂಟರುಗಳು ಓದುವ ಹೊಸ ಎನ್‌ಕೋಡಿಂಗಿಗೆ ತರುತ್ತೇನೆಂದು ಒಂದು ಪ್ರೋಗ್ರಾಂ ಬರೆದು ಓಡಿಸಿದೆಯಲ್ಲ, ಅದನ್ನು ತೆರೆದು ಓದಿದೆ. ಫೈಲಿನೊಳಗೆ ಇರುವುದು ಬರೀ ಸಂಖ್ಯೆಗಳು, ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಅಲ್ಲಿ ಬರೆದಿರುವುದಿಲ್ಲ, ಪ್ರೋಗ್ರಾಮೇ ಪತ್ತೆ ಹಚ್ಚಬೇಕು ಎಂದು ನನಗೆ ಹೇಳಿಕೊಟ್ಟವನು ನೀನು. ಆದರೆ ನಿನ್ನ ಪ್ರೋಗ್ರಾಂ ನೋಡುವುದು ಫೈಲಿನ ತಲೆಭಾಗವನ್ನು ಮಾತ್ರ. ಅಮ್ಮ ಪ್ರತಿ ಪಾಠದ ಮೇಲೂ ಎದೆ, ಸೊಂಟ, ತೋಳಿನ ಅಳತೆಗಳನ್ನು ಇಂಗ್ಲಿಷಿನಲ್ಲಿ ಹಾಕಿ, ಆಮೇಲೆ ನಮ್ಮ ಭಾಷೆಯಲ್ಲಿ ಬರೆಯುತ್ತಾಳೆಂದು ಮನೆಯವರಿಗೆಲ್ಲ ಗೊತ್ತು. ನಿನ್ನ ಪ್ರೋಗ್ರಾಂ ಮೇಲಿನ ಇಂಗ್ಲಿಷ್ ನೋಡಿ, ಇಡೀ ಫೈಲೇ ಇಂಗ್ಲಿಷ್ ಎಂದು ತೀರ್ಮಾನಿಸಿ, ಕೆಳಗಿನ ಅಕ್ಷರಗಳಿಗೆಲ್ಲ ಪ್ರಶ್ನೆಚಿಹ್ನೆ ಬಡಿದು, ಹಳೆಯ ಫೈಲನ್ನು ಅಳಿಸಿ ಅದರ ಜಾಗದಲ್ಲೇ ಉಳಿಸಿಬಿಟ್ಟಿದೆ. ಅನುಮಾನ ಬಂದರೆ ನಿಲ್ಲು, ಕೇಳು ಎನ್ನುವ ಒಂದು ಸಾಲು ಅದರಲ್ಲಿಲ್ಲ. ಒಂದು ಪ್ರತಿ ತೆಗೆದಿಡುವಷ್ಟು ವ್ಯವಧಾನವೂ ನಿನಗಿರಲಿಲ್ಲ. ನೀನೂ ಹಾಗೇ, ಎದುರಿಗಿದ್ದವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ "ಗೊತ್ತಾಯ್ತು ಬಿಡು" ಎನ್ನುವವನು.

ಕೋಟಿಗೆ ಕಾಲರ್ ಕೂರಿಸುವ ಪಾಠವೂ ಹೋಯಿತು. ಅಷ್ಟಕ್ಕೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ತಾನೇ ಏನೋ ತಪ್ಪು ಒತ್ತಿ ಎಲ್ಲ ಹಾಳುಮಾಡಿದೆ ಎಂದು ಅಮ್ಮ ಫೋನಿನಲ್ಲಿ ಅತ್ತಾಗ ನೀನು ಹೇಳಿದ್ದೇನು? "ಹೋಗ್ಲಿ ಬಿಡಮ್ಮಾ, ವಯಸ್ಸಾದ್ಮೇಲೆ ಹಾಗೇ ಆಗುತ್ತೆ." ನಿನಗೆ ಗೊತ್ತಿತ್ತು. ಹಿಂದಿನ ದಿನವೇ ನಾನು ನಿನಗೆ ಫೋನ್ ಮಾಡಿ ಎಲ್ಲ ಹೇಳಿದ್ದೆ, ಅಮ್ಮನಿಗೆ ನೀನೇ ತಿಳಿಸು ಎಂದೂ ಅಂದಿದ್ದೆ. ಅಂದಿನಿಂದ ಅಮ್ಮ ಕಂಪ್ಯೂಟರ್ ಮುಟ್ಟಿಲ್ಲ. ಈ ಬೀದಿಯ ಅರ್ಧ ದರ್ಜಿಗಳಿಗೆ ಕೆಲಸ ಕಲಿಸಿದವಳು ಬಟ್ಟೆಗೆ ಕತ್ತರಿ ಹಾಕುವಾಗಲೂ ಸರಿ ತಾನೇ ಎಂದು ನನ್ನ ಮುಖ ನೋಡುತ್ತಾಳೆ. ನಿನ್ನ ಮರ್ಯಾದೆ ಉಳಿಸಿಕೊಳ್ಳಲು ಹೆತ್ತವಳನ್ನು ಮರೆಗುಳಿ ಮಾಡಿದೆ. ನಿನ್ನನ್ನು ಅಣ್ಣ ಎನ್ನಲು ನನಗೆ ಅಸಹ್ಯವಾಗುತ್ತಿದೆ.

ಅತ್ತಿಗೆಗೆ ನನ್ನ ನೆನಪು ತಿಳಿಸು, ಮಗುವಿಗೆ ಒಂದು ಮುತ್ತು. ನಿನಗೆ ಕೊಡಲು ಸದ್ಯ ನನ್ನ ಹತ್ತಿರ ಏನೂ ಇಲ್ಲ.

ಇಂತಿ,
ತಂಗಿ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. "ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ" ಅಂದಳು. ಈಗ ಮೊದಲನೆಯ ಪಾಠವನ್ನು ಮತ್ತೆ ಟೈಪ್ ಮಾಡುತ್ತ ಕೂತಿದ್ದಾಳೆ. ಫೋನ್ ಮಾಡಬೇಡ, ನಿನ್ನ ಜೊತೆ ಮಾತಾಡಲು ಅವಳಿಗೆ ಪುರುಸೊತ್ತಿಲ್ಲ.