ನಾಲ್ಕನೆಯ ಸಾಲು

ಟಿಳಕವಾಡಿ, ಬೆಳಗಾವಿ
೧೩ ನವೆಂಬರ್ ೨೦೨೫

ಪ್ರೀತಿಯ ನೇತ್ರಾ,

ನಿನಗೂ ಕೂಸಿಗೂ ಆಶೀರ್ವಾದ.

ಇದನ್ನು ಬರೆಯದೆ ಬಿಟ್ಟುಬಿಡುವವಳಿದ್ದೆ. ಹೋದ ವಾರ ಹುಬ್ಬಳ್ಳಿಯಿಂದ ಫೋನ್ ಮಾಡಿ ನೀನು ಒಂದು ಹಾಡು ಕೇಳಿದೆ. ಚಿಕ್ಕವಳಿದ್ದಾಗ ಕಾರ್ಟೂನ್ ಸಿನಿಮಾದ ಹಾಡನ್ನು ಕನ್ನಡದಲ್ಲಿ ಹಾಡುತ್ತಿದ್ದೆನಲ್ಲ, ಕೂಸನ್ನು ಮಲಗಿಸಲು ಅದು ಬೇಕು, ನಿಮಗೆ ನೆನಪಿದೆಯೇ ಎಂದೆ. ನಾನು ಇಲ್ಲ ಎಂದುಬಿಟ್ಟೆ. ನಿನ್ನ ಅಪ್ಪನಿಗೆ ನಿಜವಾಗಿ ನೆನಪಿಲ್ಲ. ನನಗಿದೆ.

ಸಿನಿಮಾ ಇಂಗ್ಲಿಷಿನದು, ಯಾವುದೋ ಹಳೆಯ ಅಜ್ಜಿಕಥೆಯದು. ನಿನ್ನನ್ನು ಹೆತ್ತ ಅವ್ವ ಕಾಂತಾ ತಂದಿಟ್ಟಿದ್ದ ಸಿಡಿ. ಮದುವೆಗೆ ಹೊರಟ ರಾಜಕುಮಾರಿಯ ಉಡುಪನ್ನು ಜೊತೆಗಿದ್ದ ಕೆಲಸದವಳು ತೊಟ್ಟು, ಅವಳ ಜಾಗದಲ್ಲಿ ಅರಮನೆ ಸೇರುತ್ತಾಳೆ. ನಿಜವಾದ ರಾಜಕುಮಾರಿ ಬಾತುಕೋಳಿ ಕಾಯುತ್ತ, ಸಂಜೆಯಾದರೆ ಅವನ್ನು ಹಾಡಿ ಕರೆಯುತ್ತಾಳೆ. ಕೊನೆಗೆ ಆ ಹಾಡಿನಿಂದಲೇ ಕೆಲಸದವಳು ಸಿಕ್ಕಿಬೀಳುತ್ತಾಳೆ. ಕಾಂತಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಖಾನಾಪುರದಲ್ಲಿ ಕುರಿ ಕಾಯ್ದ ಮನೆತನದವಳು. ಬಾತುಕೋಳಿಗಳನ್ನು ಕುರಿಮರಿ ಮಾಡಿ, ಅದೇ ಧಾಟಿಗೆ ತನ್ನ ಮಾತು ಕೂಡಿಸಿ ನಿನಗೆ ಕಲಿಸಿದ್ದಳು.

ನಾನು ಈ ಮನೆಗೆ ಬಂದಾಗ ನಿನಗೆ ಐದು ವರ್ಷ. ಆಕೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಆ ಸಿನಿಮಾ ನೋಡುತ್ತ ಕೂತಿದ್ದೆವು. ನಿನ್ನ ಅಪ್ಪನ ತಾಯಿ ಹೇಳಿದರೆಂದು ಕಾಂತಾಳ ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ನೀನು ಟಿವಿ ನೋಡಿದೆ, ನನ್ನ ಸೆರಗು ಮುಟ್ಟಿದೆ.

"ಮಮ್ಮಿ, ಆಕಿ ಮಂದಿ ಸೀರಿ ಯಾಕ ಉಟ್ಕೊಂಡಾಳ?"

ನೀನು ಕೇಳಿದ್ದು ಬೇರೆಯವರ ಉಡುಪು ತೊಟ್ಟ ಆ ಸಿನಿಮಾದವಳ ಬಗ್ಗೆ. ಅದು ನನಗೂ ಗೊತ್ತಿತ್ತು. ಆದರೂ ಆ ಸೀರೆಯನ್ನು ಮತ್ತೆ ಉಡಲಿಲ್ಲ. ಅಂದಿನಿಂದ ನೀನು ಹಾಡಲು ಶುರು ಮಾಡಿದರೆ ಸಾಕು, ತಿದ್ದುತ್ತಿದ್ದೆ. ಅವು ಕುರಿಮರಿ ಅಲ್ಲ, ಬಾತುಕೋಳಿ. ಸರಿಯಾದ ಮಾತು ನಾನು ಹೇಳಿಕೊಡುತ್ತೇನೆ ಎನ್ನುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತವಳು, ತಪ್ಪು ಸಹಿಸಲಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಅದು ಹೆದರಿಕೆ ಎಂದು ಆಗಲೇ ಗೊತ್ತಿತ್ತೇ? ಸ್ವಲ್ಪ ಗೊತ್ತಿತ್ತು ಅನ್ನಿಸುತ್ತದೆ. ಇಲ್ಲದಿದ್ದರೆ ಹೋಮ್‌ವರ್ಕಿನ ನೆಪ ಹೇಳಿ, ಒಂದು ತಾಸಿನ ದಾರಿಯ ಖಾನಾಪುರಕ್ಕೆ, ಕಾಂತಾಳ ತಾಯಿ ಸಿದ್ದಕ್ಕಜ್ಜಿಯ ಮನೆಗೆ ನಿನ್ನನ್ನು ಕಳಿಸುವುದನ್ನು ಯಾಕೆ ನಿಲ್ಲಿಸುತ್ತಿದ್ದೆ?

ಎರಡನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನೀನು ಅದನ್ನು ಇಂಗ್ಲಿಷಿನಲ್ಲೇ ಹಾಡಿ ಕಪ್ ಗೆದ್ದೆ. ಆಮೇಲೆ ಕನ್ನಡದ್ದು ನಿನ್ನ ಬಾಯಲ್ಲಿ ಬರಲೇ ಇಲ್ಲ. ಆ ಕಪ್ಪನ್ನು ಇಂದಿಗೂ ವಾರವಾರ ಒರೆಸಿಡುತ್ತೇನೆ.

ನನಗೆ ಗೊತ್ತಿರುವುದು ಇಷ್ಟು:

ಬಾರ ಕುರಿಮರಿಯೆ, ಹೊತ್ತು ಮುಳಗತೈತಿ,
ಗುಡ್ಡದ ಗಾಳಿ ತಣ್ಣಗ ಬೀಸತೈತಿ,
ಅವ್ವನ ಕಂಬಳಿ ಹರದ ಹೋಗೈತಿ...

ಇದರ ಮುಂದೆ ಒಂದು ಸಾಲಿತ್ತು. "ಅವ್ವ" ಎಂಬಲ್ಲಿಗೆ ನನಗೆ ತಡೆಯಲಾಗುತ್ತಿರಲಿಲ್ಲ, ಮೂರನೆಯ ಸಾಲು ಮುಗಿಯುತ್ತಲೇ ನಿನ್ನನ್ನು ನಿಲ್ಲಿಸುತ್ತಿದ್ದೆ. ಹಾಗಾಗಿ ನಾಲ್ಕನೆಯದನ್ನು ನಾನು ಕೇಳಿಯೇ ಇಲ್ಲ. ಭಾನುವಾರ ಸಿದ್ದಕ್ಕಜ್ಜಿಯ ಹತ್ತಿರ ಹೋಗಿ ಕೇಳುತ್ತೇನೆ. ಅವರು ಬಾಗಿಲಲ್ಲೇ ನಿಲ್ಲಿಸಿದರೂ ಅನ್ಯಾಯವಲ್ಲ. ಇದನ್ನು ಓದಿ ನೀನು ಸಿಟ್ಟಾದರೆ ಅದೂ ಸರಿಯೇ. ಹಾಡು ಮಾತ್ರ ನಿನ್ನ ಕೂಸಿಗೆ ಮುಟ್ಟಬೇಕು.

ಇಂತಿ ನಿನ್ನ ಮಮ್ಮಿ,
ಸಪ್ನಾ

ತಾ.ಕ.: ಭಾನುವಾರ ಸಂಜೆ. ಈಗಷ್ಟೇ ಖಾನಾಪುರದಿಂದ ಬಂದೆ. ಸಿದ್ದಕ್ಕಜ್ಜಿ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿದ್ದರು. ಇಷ್ಟು ವರ್ಷಕ್ಕ ಈ ದಾರಿ ಗೊತ್ತಾತೇನವ್ವ ಎಂದರು. ಆದರೂ ಚಹಾ ಕೊಟ್ಟರು. ಬಂದ ಕಾರಣ ಹೇಳಿದೆ, ನಾನು ಮಾಡಿದ್ದನ್ನೂ ಹೇಳಿದೆ. ಅವರು ಚಹಾದ ಲೋಟ ಒಳಗಿಟ್ಟು ಬಂದರು. ಆಮೇಲೆ, ಗೊತ್ತಿದ್ದಷ್ಟು ಹಾಡು ಎಂದರು. ಮೂರು ಸಾಲು ಹಾಡಿ ನಿಂತೆ. ನಾಲ್ಕನೆಯದನ್ನು ಅವರು ಹಾಡಿದರು. ದವಾಖಾನೆಯವರು ಇನ್ನು ಆಗುವುದಿಲ್ಲ ಎಂದು ಮನೆಗೆ ಕಳಿಸಿದ ಮೇಲೆ ಕಾಂತಾ ಕೂಡಿಸಿದ ಸಾಲಂತೆ ಅದು.

ಹೊಚ್ಚಿದಾಕಿ ಮಗ್ಗಲಾಗ ಬೆಚ್ಚಗ ಮಲಗು.

ಹೊದಿಸಿದವಳು ಯಾರೇ ಆಗಲಿ, ಅವಳ ಪಕ್ಕದಲ್ಲಿ ಮಲಗು ಎಂದು. "ಈಗ ಪೂರಾ ಹಾಡವ್ವ, ಕೇಳತೇನಿ" ಎಂದರು ಅಜ್ಜಿ. ನನ್ನಿಂದ ಆಗಲಿಲ್ಲ.

ನೀನು ಕೂಸಿಗೆ ಹಾಡು. ನಾಳೆ, ನವೆಂಬರ್ ೧೭, ಸೋಮವಾರ, ಇದನ್ನು ಅಂಚೆಗೆ ಹಾಕುತ್ತೇನೆ.